ಎಸ್‌.ಆರ್‌. ಬೊಮ್ಮಾಯಿ ಮಗ ಅಂತಲೇ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದರಾ?

ಪ್ರಶ್ನೆ: ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಸಂವಿಧಾನದ ಪಾಠದಲ್ಲಿ ‘ಎಸ್‌.ಆರ್‌. ಬೊಮ್ಮಾಯಿ ಪ್ರಕರಣ’ ಮತ್ತೆ ಮತ್ತೆ ಬರುತ್ತದೆ. 2021ರಲ್ಲಿ ಮುಖ್ಯಮಂತ್ರಿಯಾದ ಬಸವರಾಜ ಬೊಮ್ಮಾಯಿ ಅವರ ಮಗ ಅಂತ ಗೊತ್ತು. ಜನತಾ ಪರಿವಾರದ ಅಷ್ಟು ದೊಡ್ಡ ನಾಯಕರ ಮಗ ಬಿಜೆಪಿಗೆ ಹೋಗಿದ್ದು ಹೇಗೆ? ಅಪ್ಪನ ಹೆಸರಿನಿಂದಲೇ ಅವರಿಗೆ ಎಲ್ಲ ಸಿಕ್ಕಿತು ಅಂತ ಹೇಳಬಹುದಾ?

ಉತ್ತರ: ‘ಎಲ್ಲ ಸಿಕ್ಕಿತು’ ಅನ್ನುವುದು ಸರಿಯಲ್ಲ. ಅಪ್ಪನ ಹೆಸರು ಬಸವರಾಜ ಬೊಮ್ಮಾಯಿ ಅವರಿಗೆ ದೊಡ್ಡವರ ಒಡನಾಟ ಕೊಟ್ಟಿತು, ಮೊದಲ ಟಿಕೆಟ್ ಕೊಟ್ಟಿತು. ಮತ ಕೊಡಲಿಲ್ಲ, ಪಕ್ಷ ಕೊಡಲಿಲ್ಲ, ತಮ್ಮದೇ ಅನ್ನುವ ಒಂದು ಬಣವನ್ನೂ ಕೊಡಲಿಲ್ಲ. ಅವರ ಏಳಿಗೆ, ಕುರ್ಚಿಯ ಮೇಲೆ ಕೂತಾಗಿನ ತಡವರಿಕೆ, ಎರಡನ್ನೂ ನಾನು ಇಲ್ಲಿಂದಲೇ ನೋಡುತ್ತೇನೆ. ರಾಜಕಾರಣಿಗಳ ಮಕ್ಕಳ ಬಗ್ಗೆ ಮಾತಾಡುವಾಗ ನಾವು ‘ವಂಶ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ವಂಶದಿಂದ ಬಂದದ್ದು ನಿಖರವಾಗಿ ಏನು ಅಂತ ಕೇಳಬೇಕು.

ಮೊದಲು ಅಪ್ಪನ ವಿಷಯ. ಪರೀಕ್ಷೆಗೂ ನಿಮಗೆ ಇದು ಬೇಕು.

ಸೋಮಪ್ಪ ರಾಯಪ್ಪ ಬೊಮ್ಮಾಯಿ ಹುಟ್ಟಿದ್ದು 1924ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ. ವೃತ್ತಿಯಿಂದ ವಕೀಲರು. ಎಂ.ಎನ್‌. ರಾಯ್ ಅವರ ಮಾನವತಾವಾದಿ ವಿಚಾರಗಳನ್ನು ನಂಬಿದವರು. ರಾಮಕೃಷ್ಣ ಹೆಗಡೆ ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದರು. ಟೆಲಿಫೋನ್ ಕದ್ದಾಲಿಕೆ ವಿವಾದದಲ್ಲಿ ಹೆಗಡೆ ರಾಜೀನಾಮೆ ಕೊಟ್ಟಾಗ, 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು. ಎಂಟೇ ತಿಂಗಳಲ್ಲಿ ಸರ್ಕಾರ ಹೋಯಿತು. ಹೇಗೆ ಹೋಯಿತು ಅನ್ನುವುದನ್ನು ಒಂದೊಂದೇ ದಿನವಾಗಿ ನೋಡಬೇಕು.

1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆ ಆಯಿತು. ಯಾವಾಗಲೂ ಆಗುವ ಹಾಗೆ ಸ್ಥಾನ ಸಿಗದವರು ಮುನಿಸಿಕೊಂಡರು. ಎರಡು ದಿನಕ್ಕೆ ಆಡಳಿತ ಪಕ್ಷದ ಶಾಸಕ ಕೆ.ಆರ್‌. ಮೊಳಕೇರಿ ರಾಜ್ಯಪಾಲರ ಬಳಿ ಹೋದರು. ಸರ್ಕಾರಕ್ಕೆ ಬೆಂಬಲ ಇಲ್ಲ ಅನ್ನುವ 19 ಶಾಸಕರ ಪತ್ರಗಳು ಅವರ ಕೈಯಲ್ಲಿದ್ದವು. 19ರಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ದೆಹಲಿಗೆ ವರದಿ ಕಳಿಸಿಯೇಬಿಟ್ಟರು. ಮರುದಿನ ಆ 19 ಜನರಲ್ಲಿ ಏಳು ಮಂದಿ, ತಪ್ಪು ಹೇಳಿ ನಮ್ಮ ಸಹಿ ತೆಗೆದುಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ಬೊಮ್ಮಾಯಿ ರಾಜ್ಯಪಾಲರನ್ನು ಕಂಡು, ಬೇಕಾದರೆ ಅಧಿವೇಶನವನ್ನು ಇನ್ನೂ ಬೇಗ ಕರೆದು ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂತ ಹೇಳಿದರು. ಅಧಿವೇಶನ ಹೇಗೂ ಅದೇ ತಿಂಗಳ 27ಕ್ಕೆ ನಿಗದಿಯಾಗಿತ್ತು. ರಾಜ್ಯಪಾಲರು ಅಷ್ಟೂ ಕಾಯಲಿಲ್ಲ. ಅವತ್ತೇ ಇನ್ನೊಂದು ವರದಿ ಹೋಯಿತು. 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು.

ಒಂದು ವಾರ ತಾಳಿದ್ದರೆ ಸದನವೇ ತೀರ್ಮಾನ ಮಾಡುತ್ತಿತ್ತು. ಆ ವಾರದ ತಾಳ್ಮೆ ತೋರಿಸದ್ದೇ ದೊಡ್ಡ ತಪ್ಪು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಹೇಳಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದಲ್ಲಿ ತೀರ್ಮಾನ ಆಗುವ ವಿಷಯವಲ್ಲ, ಸದನದಲ್ಲಿ ಆಗಬೇಕು. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು. ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವ ಹಾಗಿಲ್ಲ. ನೀವು ಓದುತ್ತಿರುವುದು ಇದನ್ನೇ. ಅಷ್ಟು ಹೊತ್ತಿಗೆ ಬೊಮ್ಮಾಯಿ ಅವರಿಗೆ ಕುರ್ಚಿ ವಾಪಸ್ ಸಿಗುವ ಮಾತೇ ಇರಲಿಲ್ಲ. 1989ರ ಕೊನೆಯಲ್ಲೇ ಚುನಾವಣೆ ಆಗಿ ಕಾಂಗ್ರೆಸ್ ಬಂದಿತ್ತು. ಅವರಿಗೆ ಸಿಕ್ಕಿದ್ದು ತೀರ್ಪು, ಆ ತೀರ್ಪಿಗೆ ಅವರ ಹೆಸರು.

ಅದೇ ತೀರ್ಪಿನ ಇನ್ನೊಂದು ಭಾಗವನ್ನು ಗಮನಿಸಿ. ಬಾಬರಿ ಮಸೀದಿ ಧ್ವಂಸದ ಬಳಿಕ ವಜಾ ಆಗಿದ್ದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳ ವಿಷಯವೂ ಅದರೊಳಗೆ ಸೇರಿತ್ತು. ಆ ಮೂರನ್ನೂ ವಜಾ ಮಾಡಿದ್ದು ಸರಿ ಅಂತ ಕೋರ್ಟ್ ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲರಚನೆಯ ಭಾಗ ಅಂತ ಹೇಳಿತು. ಮಗ ಮುಂದೆ ಸೇರಿದ್ದು ಅದೇ ಬಿಜೆಪಿಯನ್ನು. ನಿಮ್ಮ ಪ್ರಶ್ನೆಯ ಮುಳ್ಳು ಇರುವುದು ಇಲ್ಲೇ ಅಲ್ವಾ?

ಬಸವರಾಜ ಹುಟ್ಟಿದ್ದು 1960ರ ಜನವರಿ 28ರಂದು, ಹುಬ್ಬಳ್ಳಿಯಲ್ಲಿ. ಅಲ್ಲಿನ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದರು. ಪುಣೆಯ ಟೆಲ್ಕೋದಲ್ಲಿ, ಅಂದರೆ ಈಗಿನ ಟಾಟಾ ಮೋಟರ್ಸ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿದರು. ಆಮೇಲೆ ಸ್ವಂತ ಉದ್ಯಮ, ಜೊತೆಗೆ ಜನತಾದಳದ ಕೆಲಸ.

1994ಕ್ಕೆ ಬನ್ನಿ. ಮಾರ್ಚ್‌ನಲ್ಲಿ ಅಪ್ಪನ ಹೆಸರು ಇಡೀ ದೇಶದ ಕಾನೂನು ಪುಸ್ತಕಕ್ಕೆ ಹೋಯಿತು. ವರ್ಷದ ಕೊನೆಗೆ ವಿಧಾನಸಭೆ ಚುನಾವಣೆ. ಅಪ್ಪ ಹಲವು ಸಲ ಗೆದ್ದಿದ್ದ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಲ್ಲಿ ಮಗನಿಗೆ ಜನತಾದಳದ ಟಿಕೆಟ್. ಅಪ್ಪ ಆಗ ಪಕ್ಷದ ರಾಷ್ಟ್ರೀಯ ಅಧ್ಯಕ್ಷರು. ರಾಜ್ಯದಲ್ಲಿ ದಳದ ಅಲೆ ಬೀಸುತ್ತಿತ್ತು. 115 ಸ್ಥಾನ ಗೆದ್ದು ದೇವೇಗೌಡರು ಮುಖ್ಯಮಂತ್ರಿಯಾದರು. ಇಷ್ಟೆಲ್ಲ ಇದ್ದೂ ಬಸವರಾಜ ಸೋತರು. ಗೆದ್ದವರು ಬಿಜೆಪಿಯ ಹೊಸ ಹುಡುಗ, ವಕೀಲ ಜಗದೀಶ ಶೆಟ್ಟರ್.

ಕಾರಣ ಆ ವರ್ಷದ ಹುಬ್ಬಳ್ಳಿಯಲ್ಲಿತ್ತು. ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ವಿವಾದ ಊರನ್ನು ಎರಡು ಮಾಡಿತ್ತು. ಆಗಸ್ಟ್ 15ರಂದು ಪೊಲೀಸ್ ಗುಂಡಿಗೆ ಜೀವಗಳು ಹೋದವು. ಊರಿನ ರಾಜಕೀಯದ ದಿಕ್ಕೇ ಬದಲಾಗಿತ್ತು. ಶೆಟ್ಟರ್ ಅವರದೂ ಹೆಸರಿದ್ದ ಮನೆಯೇ. ತಂದೆ ಹುಬ್ಬಳ್ಳಿ-ಧಾರವಾಡದ ಮೇಯರ್ ಆಗಿದ್ದವರು, ಚಿಕ್ಕಪ್ಪ ಜನಸಂಘದಿಂದ ಶಾಸಕರಾಗಿದ್ದವರು. ಅಂದರೆ ಇಬ್ಬರೂ ಮನೆತನದ ಮಕ್ಕಳೇ, ಆದರೆ ಆ ವರ್ಷ ಗಾಳಿ ಇದ್ದದ್ದು ಒಬ್ಬರ ಕಡೆಗೆ ಮಾತ್ರ. ಅಪ್ಪನ ಹೆಸರು ಮತ ತರುತ್ತದೆ ಅನ್ನುವವರಿಗೆ ನಾನು ಯಾವಾಗಲೂ ಈ ಚುನಾವಣೆಯನ್ನೇ ತೋರಿಸುತ್ತೇನೆ.

ಆ ಸೋಲು ಅವರ ದಾರಿಯನ್ನು ತಿರುಗಿಸಿತು. ಜೆ.ಎಚ್‌. ಪಟೇಲರು ಮುಖ್ಯಮಂತ್ರಿಯಾದಾಗ ಬಸವರಾಜ ಅವರ ರಾಜಕೀಯ ಕಾರ್ಯದರ್ಶಿಯಾದರು. ಆಮೇಲೆ ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಎರಡು ಬಾರಿ ವಿಧಾನ ಪರಿಷತ್ತಿಗೆ ಗೆದ್ದರು. ಈ ಕ್ಷೇತ್ರದ ಬಗ್ಗೆ ಜನ ಅಷ್ಟಾಗಿ ಯೋಚಿಸುವುದಿಲ್ಲ. ಇಲ್ಲಿ ಮತ ಹಾಕುವವರು ಸಾಮಾನ್ಯ ಮತದಾರರಲ್ಲ. ಗ್ರಾಮ ಪಂಚಾಯಿತಿ ಸದಸ್ಯರು, ಪುರಸಭೆ, ನಗರಸಭೆಯವರು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಹರಡಿದ ಸಾವಿರಾರು ಮಂದಿ. ಇವರ ಮುಂದೆ ಭಾಷಣ ನಡೆಯುವುದಿಲ್ಲ. ಯಾವ ಊರಿನ ಸದಸ್ಯ ಯಾರ ಕಡೆ, ಯಾರ ಊರಿಗೆ ರಸ್ತೆ ಬೇಕು, ಯಾರ ಫೈಲು ಎಲ್ಲಿ ಕೂತಿದೆ, ಇದೆಲ್ಲ ಗೊತ್ತಿರಬೇಕು. ಜನರ ನಾಯಕ ಆಗುವುದನ್ನು ಈ ಕ್ಷೇತ್ರ ಕಲಿಸುವುದಿಲ್ಲ, ಕೆಲಸ ಮಾಡಿಸಿಕೊಡುವುದನ್ನು ಕಲಿಸುತ್ತದೆ. ಬೊಮ್ಮಾಯಿ ಅವರ ಸ್ವಭಾವಕ್ಕೆ ಅದು ಚೆನ್ನಾಗಿ ಹೊಂದಿತು. ಮುಂದೆ ಅವರು ನಾಲ್ಕು ಸಲ ಗೆದ್ದ ಶಿಗ್ಗಾವಿಯೂ ಇದೇ ಮೂರು ಜಿಲ್ಲೆಗಳ ಒಳಗೇ ಇದೆ.

ಅಷ್ಟರಲ್ಲಿ ಜನತಾದಳ 1999ರಲ್ಲಿ ಒಡೆದು, ಮತ್ತೆ ಒಡೆದು, ಉತ್ತರ ಕರ್ನಾಟಕದಲ್ಲಿ ಸವೆದುಹೋಗಿತ್ತು. ಹಳೇ ಜನತಾ ಪರಿವಾರದವರೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಹೋಗುತ್ತಿದ್ದ ಕಾಲ. 2006ರಲ್ಲಿ ಸಿದ್ದರಾಮಯ್ಯ ಕಾಂಗ್ರೆಸ್ ಸೇರಿದರು. 2007ರಲ್ಲಿ ಕುಮಾರಸ್ವಾಮಿ ಮಾತಿನಂತೆ ಮಿತ್ರಪಕ್ಷ ಬಿಜೆಪಿಗೆ ಅಧಿಕಾರ ಬಿಟ್ಟುಕೊಡಲಿಲ್ಲ ಅನ್ನುವ ಸಿಟ್ಟು ಲಿಂಗಾಯತರಲ್ಲಿ ಯಡಿಯೂರಪ್ಪನವರ ಪರ ಗಟ್ಟಿಯಾಯಿತು. 2007ರ ಅಕ್ಟೋಬರ್ 10ರಂದು ಎಸ್‌.ಆರ್‌. ಬೊಮ್ಮಾಯಿ ತೀರಿಕೊಂಡರು. 2008ರ ಫೆಬ್ರವರಿಯಲ್ಲಿ ಮಗ ಬಿಜೆಪಿ ಸೇರಿದರು.

ನಡುವೆ ಇದ್ದದ್ದು ನಾಲ್ಕೇ ತಿಂಗಳು. ಅಪ್ಪ ಬದುಕಿದ್ದಾಗ ಈ ಹೆಜ್ಜೆ ಕಷ್ಟವಿತ್ತು ಅನ್ನುವುದು ನನ್ನ ಅಂದಾಜು. ವಿಚಾರ ಬದಲಾಗಿ ಹೋದರು ಅಂತ ನನಗೆ ಅನ್ನಿಸುವುದಿಲ್ಲ. ಹುಬ್ಬಳ್ಳಿ, ಹಾವೇರಿ ಭಾಗದಲ್ಲಿ ಲಿಂಗಾಯತ ರಾಜಕಾರಣಿಯೊಬ್ಬ ಶಾಸಕ ಆಗಬೇಕು, ಮಂತ್ರಿ ಆಗಬೇಕು ಅಂದರೆ ಆಗ ಇದ್ದ ನೇರ ದಾರಿ ಬಿಜೆಪಿಯದು. ಅದನ್ನು ಹಿಡಿದರು. ಇದನ್ನು ಅವಕಾಶವಾದ ಅಂತ ಕರೆಯುವವರಿದ್ದಾರೆ. ಆ ಮಾತಿಗೆ ನನ್ನ ಪೂರ್ತಿ ವಿರೋಧವೂ ಇಲ್ಲ. ಆದರೆ ಅದೇ ಮಾತನ್ನು ಜನತಾ ಪರಿವಾರದಿಂದ ಹೊರಟ ಎಲ್ಲರಿಗೂ ಅನ್ವಯಿಸಬೇಕು, ಬರೀ ಇವರೊಬ್ಬರಿಗಲ್ಲ.

ಆ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಶಿಗ್ಗಾವಿಯಿಂದ ಗೆದ್ದು ನೇರವಾಗಿ ಜಲಸಂಪನ್ಮೂಲ ಸಚಿವರಾದರು. ಇವರ ಬದುಕಿನ ಅತ್ಯುತ್ತಮ ಕಾಲ ಇದೇ ಅಂತ ನನ್ನ ಅಭಿಪ್ರಾಯ. ಐದು ವರ್ಷದಲ್ಲಿ ಬಿಜೆಪಿಯ ಮೂವರು ಮುಖ್ಯಮಂತ್ರಿಗಳು ಬಂದರು: ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್. ಮೂವರ ಸಂಪುಟದಲ್ಲೂ ಬೊಮ್ಮಾಯಿ ಇದ್ದರು. 2010ರ ಡಿಸೆಂಬರ್‌ನಲ್ಲಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಕೃಷ್ಣಾ ನ್ಯಾಯಮಂಡಳಿಯ ತೀರ್ಪು ಬಂತು. ಆಲಮಟ್ಟಿಯಲ್ಲಿ 519.6 ಮೀಟರ್ ಇದ್ದ ನೀರು ನಿಲ್ಲಿಸುವ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಅದು ಒಪ್ಪಿತು. ಇಂಥ ವಿಷಯದಲ್ಲಿ ಮಂತ್ರಿಗೆ ಟಿಎಂಸಿ ಲೆಕ್ಕ, ಕಾಲುವೆ, ಮುಳುಗಡೆ ಊರುಗಳು, ಕೋರ್ಟಿನ ತಕರಾರು ಎಲ್ಲ ತಲೆಯಲ್ಲಿರಬೇಕು. ಇವರಿಗೆ ಇತ್ತು. ಸದನದಲ್ಲಿ ನೀರಾವರಿ ಚರ್ಚೆಗೆ ಎದ್ದು ನಿಂತರೆ ವಿರೋಧ ಪಕ್ಷದವರೂ ಕೂತು ಕೇಳುತ್ತಿದ್ದರು. ತಮ್ಮ ಕ್ಷೇತ್ರದಲ್ಲಿ ಏತ ನೀರಾವರಿಯ ನೀರನ್ನು ತೆರೆದ ಕಾಲುವೆ ಬಿಟ್ಟು ಪೈಪಿನಲ್ಲಿ ಹೊಲಕ್ಕೆ ಹರಿಸುವ ಯೋಜನೆಗೆ ಕೈ ಹಾಕಿದ್ದರಲ್ಲೂ ಎಂಜಿನಿಯರ್ ಬೊಮ್ಮಾಯಿ ಕಾಣುತ್ತಾರೆ.

ಯಡಿಯೂರಪ್ಪ 2012ರ ಕೊನೆಯಲ್ಲಿ ಕೆಜೆಪಿ ಅನ್ನುವ ತಮ್ಮದೇ ಪಕ್ಷ ಕಟ್ಟಿದಾಗ ಅವರ ಆಪ್ತರು ಅನ್ನಿಸಿಕೊಂಡಿದ್ದ ಬೊಮ್ಮಾಯಿ ಹಿಂದೆ ಹೋಗಲಿಲ್ಲ. ಬಿಜೆಪಿ 40 ಸ್ಥಾನಕ್ಕೆ ಕುಸಿದ 2013ರಲ್ಲೂ ಶಿಗ್ಗಾವಿ ಗೆದ್ದರು. ಯಡಿಯೂರಪ್ಪ ಮರಳಿ ಬಂದಾಗ ಮತ್ತೆ ಅವರ ಪಕ್ಕದಲ್ಲೇ ಇದ್ದರು. ಪಟೇಲರ ಪಕ್ಕ, ಯಡಿಯೂರಪ್ಪನವರ ಪಕ್ಕ: ದೊಡ್ಡ ನಾಯಕರ ನಂಬಿಕೆಯ ಮನುಷ್ಯ ಆಗಿರುವುದು ಇವರಿಗೆ ಸಿದ್ಧಿಸಿದ ವಿದ್ಯೆ.

2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತದಲ್ಲಿ 99–105ರಿಂದ ಬಿತ್ತು. ಅಪ್ಪ 1989ರಲ್ಲಿ ಬೇಡಿದ್ದು, 1994ರ ತೀರ್ಪು ಕಡ್ಡಾಯ ಮಾಡಿದ್ದು, ಅದೇ ಸದನದ ಎಣಿಕೆ. ಆ ಎಣಿಕೆಯ ನಂತರ ಬಂದ ಸರ್ಕಾರದಲ್ಲಿ ಮಗ ಗೃಹ ಸಚಿವ. ಆದರೆ ಆ ಎಣಿಕೆಗೆ ಮುಂಚೆ ಶಾಸಕರ ಸಾಲು ಸಾಲು ರಾಜೀನಾಮೆ, ಮುಂಬೈ ಹೋಟೆಲ್ ವಾಸ ನಡೆದಿತ್ತು ಅನ್ನುವುದನ್ನೂ ಮರೆಯಬೇಡಿ. ಸದನದಲ್ಲೇ ಎಣಿಸಿ ಅಂತ ತೀರ್ಪು ಹೇಳಬಹುದು. ಸದನಕ್ಕೆ ಬರುವ ಮುಂಚೆ ಏನು ನಡೆಯುತ್ತದೆ ಅನ್ನುವುದನ್ನು ಅದು ತಡೆಯಲಾಗಲಿಲ್ಲ. ನನ್ನನ್ನು ಈಗಲೂ ಕಾಡುವುದು ಇದು.

2021ರ ಜುಲೈ 26ರಂದು, ಸರ್ಕಾರಕ್ಕೆ ಎರಡು ವರ್ಷ ತುಂಬಿದ ದಿನ, ಯಡಿಯೂರಪ್ಪ ಕಣ್ಣೀರಿಡುತ್ತ ರಾಜೀನಾಮೆ ಪ್ರಕಟಿಸಿದರು. ಮರುದಿನ ಶಾಸಕಾಂಗ ಪಕ್ಷದ ಸಭೆಯಲ್ಲಿ ಬೊಮ್ಮಾಯಿ ಹೆಸರು ಸೂಚಿಸಿದವರೂ ಯಡಿಯೂರಪ್ಪನವರೇ. 28ರಂದು ಪ್ರಮಾಣವಚನ. ದೇವೇಗೌಡ–ಕುಮಾರಸ್ವಾಮಿ ಬಿಟ್ಟರೆ ಕರ್ನಾಟಕದಲ್ಲಿ ತಂದೆ–ಮಗ ಇಬ್ಬರೂ ಮುಖ್ಯಮಂತ್ರಿಯಾದ ಉದಾಹರಣೆ ಇದೊಂದೇ.

ಈ ಎರಡು ಜೋಡಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕುಮಾರಸ್ವಾಮಿ ಅವರಿಗೆ ಅಪ್ಪ ಕಟ್ಟಿದ ಪಕ್ಷ ಇತ್ತು, ಹಳೇ ಮೈಸೂರು ಭಾಗದ ಮತ ಇತ್ತು. ಸೋತರೂ ಅವು ಅವರ ಜೊತೆಗೇ ಇರುತ್ತವೆ. ಬೊಮ್ಮಾಯಿ ಅವರಿಗೆ ಅಪ್ಪನ ಪಕ್ಷವೇ ಉಳಿದಿರಲಿಲ್ಲ. ಅವರು ಬೇರೆಯವರ ಮನೆಗೆ ಬಂದು ಹಿರಿತನ ಪಡೆದವರು. ಯಡಿಯೂರಪ್ಪನವರು ಒಪ್ಪುವ ಲಿಂಗಾಯತ ಬೇಕಿತ್ತು, ದೆಹಲಿಗೆ ಎದುರಾಡದ ಆಡಳಿತಗಾರ ಬೇಕಿತ್ತು. ಎರಡಕ್ಕೂ ಹೊಂದುವವರು ಇವರು. ಎಸ್‌.ಆರ್‌. ಬೊಮ್ಮಾಯಿ ಮಗ ಅನ್ನುವುದು ಆ ದಿನ ಪತ್ರಿಕೆಗಳ ತಲೆಬರಹಕ್ಕೆ ಬಂತು, ಆಯ್ಕೆಗೆ ಅದು ಕಾರಣ ಆಗಿರಲಿಲ್ಲ.

ಇನ್ನೂ ಒಂದು. 1994ರಲ್ಲಿ ಇವರನ್ನು ಸೋಲಿಸಿದ್ದ, 2012ರಲ್ಲಿ ಇವರ ಮುಖ್ಯಮಂತ್ರಿಯಾಗಿದ್ದ ಶೆಟ್ಟರ್, ನಾನು ಹಿರಿಯ ಅಂತ ಇವರ ಸಂಪುಟ ಸೇರಲಿಲ್ಲ. 2023ರಲ್ಲಿ ಟಿಕೆಟ್ ಸಿಗದೆ ಕಾಂಗ್ರೆಸ್ಸಿಗೆ ಹೋಗಿ, ಸೋತು, ಮತ್ತೆ ಬಿಜೆಪಿಗೆ ಬಂದು, 2024ರಲ್ಲಿ ಬೆಳಗಾವಿ ಸಂಸದರಾದರು.

ಮುಖ್ಯಮಂತ್ರಿಯಾಗಿ ಬೊಮ್ಮಾಯಿ ಮೊದಲ ದಿನವೇ ‘ರೈತ ವಿದ್ಯಾನಿಧಿ’ ಘೋಷಿಸಿದರು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ 2,500ರಿಂದ 11,000 ರೂಪಾಯಿ. ನಂತರ ಕೂಲಿಕಾರರು, ನೇಕಾರರು, ಮೀನುಗಾರರು, ಚಾಲಕರ ಮಕ್ಕಳಿಗೂ ಅದು ವಿಸ್ತರಿಸಿತು. ಒಳ್ಳೆಯ ಯೋಜನೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಎರಡು ಬಜೆಟ್ ಮಂಡಿಸಿದರು. ಮೊದಲನೆಯದರಲ್ಲಿ ನೀರಿನ ಯೋಜನೆಗಳಾದ ಮೇಕೆದಾಟಿಗೆ, ಕಳಸಾ-ಬಂಡೂರಿಗೆ ತಲಾ 1,000 ಕೋಟಿ ಎತ್ತಿಟ್ಟರು. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ವರದಿಯಂತೆ ಪರಿಶಿಷ್ಟ ಜಾತಿಗೆ ಶೇ 15 ಇದ್ದ ಮೀಸಲಾತಿಯನ್ನು 17ಕ್ಕೆ, ಪರಿಶಿಷ್ಟ ಪಂಗಡಕ್ಕೆ 3 ಇದ್ದದ್ದನ್ನು 7ಕ್ಕೆ ಏರಿಸಿದರು.

ಆದರೆ ಜನರ ನೆನಪಿನಲ್ಲಿ ಜಾಸ್ತಿ ಉಳಿದದ್ದು ಬೇರೆ ಸಂಗತಿಗಳು. 2022ರ ಫೆಬ್ರವರಿಯ ಸಮವಸ್ತ್ರ ಆದೇಶ ಮತ್ತು ಹಿಜಾಬ್ ಗಲಾಟೆ, ಮತಾಂತರ ನಿಷೇಧ ಕಾನೂನು, ಗುತ್ತಿಗೆದಾರರ ಸಂಘ ಎತ್ತಿದ ಶೇ 40 ಕಮಿಷನ್ ಆರೋಪ, ಅದನ್ನೇ ಹಿಡಿದು ಕಾಂಗ್ರೆಸ್ ಅಂಟಿಸಿದ ‘ಪೇಸಿಎಂ’ ಪೋಸ್ಟರ್. ಆರೋಪವನ್ನು ಸರ್ಕಾರ ಅಲ್ಲಗಳೆಯಿತು, ಆದರೆ ಜನರ ಬಾಯಿಂದ ಅದು ಹೋಗಲೇ ಇಲ್ಲ. ಚುನಾವಣೆಗೆ ಮುಂಚೆ, 2023ರ ಮಾರ್ಚ್‌ನಲ್ಲಿ, ಮುಸ್ಲಿಮರಿಗೆ ಹಿಂದುಳಿದ ವರ್ಗಗಳ 2ಬಿ ಗುಂಪಿನ ಅಡಿ ಇದ್ದ ಶೇ 4 ಮೀಸಲಾತಿ ತೆಗೆದು ಒಕ್ಕಲಿಗರಿಗೆ, ಲಿಂಗಾಯತರಿಗೆ ತಲಾ ಎರಡರಂತೆ ಹಂಚಿದರು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಬಂದಾಗ ಸರ್ಕಾರವೇ ಅದನ್ನು ತಡೆಹಿಡಿಯಬೇಕಾಯಿತು.

ಈ ಕೊನೆಯ ನಿರ್ಧಾರ ಅಪ್ಪನ ರಾಜಕೀಯಕ್ಕೆ ಅತೀ ದೂರದ್ದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಲಿಂಗಾಯತರ ಒಳಪಂಗಡವಾದ ಪಂಚಮಸಾಲಿಗಳ ಮೀಸಲಾತಿ ಹೋರಾಟ ಒಂದು ಕಡೆ, ಸ್ವಂತ ಪಕ್ಷದ ಶಾಸಕ ಯತ್ನಾಳರ ಟೀಕೆ ಇನ್ನೊಂದು ಕಡೆ. ತಮ್ಮದೇ ಶಾಸಕರ ಗುಂಪು, ತಮ್ಮದೇ ಮತಬ್ಯಾಂಕ್ ಇದ್ದ ಮುಖ್ಯಮಂತ್ರಿ ‘ಆಗಲ್ಲ’ ಅನ್ನಬಹುದಿತ್ತು. ಇವರು ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡಲು ಹೋದರು. ಬೇರೆಯವರ ಬಲದ ಮೇಲೆ ಬಂದವರಿಗೆ ಬರುವ ಕಷ್ಟ ಇದು. 2021ರ ನವೆಂಬರ್‌ನಲ್ಲೇ ಸೂಚನೆ ಸಿಕ್ಕಿತ್ತು: ತಮ್ಮ ಕ್ಷೇತ್ರದ ಪಕ್ಕದ ಹಾನಗಲ್ ಉಪಚುನಾವಣೆಯಲ್ಲಿ ಮುಖ್ಯಮಂತ್ರಿ ಓಡಾಡಿದರೂ ಬಿಜೆಪಿ ಸೋತಿತ್ತು. 2023ರ ಮೇ 13ರಂದು ಬಿಜೆಪಿ 66ಕ್ಕೆ ಇಳಿಯಿತು, ಕಾಂಗ್ರೆಸ್ 135 ಗೆದ್ದಿತು. ಬೊಮ್ಮಾಯಿ ಮಾತ್ರ ಶಿಗ್ಗಾವಿಯಲ್ಲಿ 35 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಹದಿನೈದು ವರ್ಷ ಊರೂರು ತಿರುಗಿ ಮಾಡಿದ ಕೆಲಸದ ಫಲ ಅದು.

2024ರಲ್ಲಿ ಹಾವೇರಿಯಿಂದ ಲೋಕಸಭೆಗೆ ಹೋದರು. ಅಲ್ಲಿ ಅವರಿಗೂ ಮುಂಚೆ ಸಂಸದರಾಗಿದ್ದವರು ಸಿ.ಎಂ. ಉದಾಸಿ ಅವರ ಮಗ ಶಿವಕುಮಾರ ಉದಾಸಿ. ಅದೇ ಟಿಕೆಟ್ ತಮ್ಮ ಮಗನಿಗೆ ಸಿಗಲಿಲ್ಲ ಅಂತ ಬಿಜೆಪಿಯ ಹಿರಿಯ ನಾಯಕ ಈಶ್ವರಪ್ಪ ಬಂಡಾಯ ಎದ್ದರು. ಒಂದು ಲೋಕಸಭಾ ಕ್ಷೇತ್ರದ ಸುತ್ತ ಎಷ್ಟು ಮಕ್ಕಳು ನೋಡಿ.

ತೆರವಾದ ಶಿಗ್ಗಾವಿಗೆ ಬಿಜೆಪಿ ಬೊಮ್ಮಾಯಿ ಅವರ ಮಗ ಭರತ್‌ಗೆ ಟಿಕೆಟ್ ಕೊಟ್ಟಿತು. ಎದುರಿಗೆ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್, ಒಂದೂವರೆ ವರ್ಷದ ಹಿಂದೆ ಬಸವರಾಜ ಬೊಮ್ಮಾಯಿ ಎದುರು ಸೋತಿದ್ದವರು. ನವೆಂಬರ್ 23ರಂದು ಫಲಿತಾಂಶ ಬಂದಾಗ ಪಠಾಣ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ ಇದ್ದದ್ದು, ಆ ಪಕ್ಷ ಒಗ್ಗಟ್ಟಾಗಿ ಕೆಲಸ ಮಾಡಿದ್ದು, ಎರಡೂ ಕಾರಣ ಹೌದು. ಆದರೆ ಪರಿಷತ್ ಕಾಲದಿಂದ ಪಂಚಾಯಿತಿ ಸದಸ್ಯರ ಜೊತೆ ಬೆಳೆಸಿದ ಒಡನಾಟ, ನೀರಾವರಿ ಮಂತ್ರಿಯಾಗಿ ಹೊಲಕ್ಕೆ ತಂದ ನೀರು, ಇವು ಬಸವರಾಜ ಬೊಮ್ಮಾಯಿ ಅವರ ಸ್ವಂತ ಗಳಿಕೆ. ಆ ಮತಗಳು ಮಗನ ಹೆಸರಿಗೆ ತಾವಾಗಿ ವರ್ಗ ಆಗಲಿಲ್ಲ. ಭರತ್ ಇನ್ನೂ ಚಿಕ್ಕವರು, ಮುಂದೆ ಗೆಲ್ಲಲೂಬಹುದು. ಗೆಲ್ಲಬೇಕಾದರೆ ಅವರೂ ಸವಣೂರು, ಶಿಗ್ಗಾವಿಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ತಿರುಗಬೇಕಾಗುತ್ತದೆ.